ಗಾಡಿ ನಿಮ್ಮದಲ್ಲದಿದ್ದರೆ ದಂಡ ಕಟ್ಟಬೇಡಿ
ಸ್ಕೂಟರ್ ಮೈಸೂರಿನ ಮನೆಯಲ್ಲೇ ಇದ್ದರೂ ಬೆಂಗಳೂರಿನಿಂದ ಸಿಗ್ನಲ್ ಜಂಪ್ ನೋಟಿಸ್ ಬಂದಿದೆ ಅಂದಿದ್ದೀರಿ. ದಯವಿಟ್ಟು ದಂಡ ಕಟ್ಟಬೇಡಿ ಸರ್, ಕಟ್ಟಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ. ಮೊದಲು ಸಂಚಾರ ಪೊಲೀಸರ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ, ಫೋಟೊ ದೊಡ್ಡದು ಮಾಡಿ ನೋಡಿ. ಬೇರೆ ಗಾಡಿಯ ಪ್ಲೇಟಿಗೆ ಮಣ್ಣು ಮೆತ್ತಿದ್ದರೆ ಕ್ಯಾಮೆರಾ 8 ಅನ್ನು 3 ಎಂದು ಓದುವುದುಂಟು. ಹಾಗಾಗಿದ್ದರೆ ನೋಟಿಸ್ ಸಂಖ್ಯೆ, ಆರ್‌ಸಿ ಪ್ರತಿ, ನಿಮ್ಮ ಸ್ಕೂಟರಿನ ಹಿಂದೆ ಮುಂದೆ ತೆಗೆದ ಫೋಟೊ ಸೇರಿಸಿ ಲಿಖಿತ ಆಕ್ಷೇಪಣೆ ಕೊಡಿ, ಸ್ವೀಕೃತಿ ಪತ್ರ ಪಡೆಯಲು ಮರೆಯಬೇಡಿ. ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ತಡವಾಗಿದ್ದರೆ ಅದನ್ನೂ ಬರೆಯಿರಿ.

ನಂಬರ್ ನಿಮ್ಮದೇ, ಗಾಡಿ ಮಾತ್ರ ಬೇರೆ ಅನ್ನಿಸಿದರೆ ಯಾರೋ ನಕಲಿ ಪ್ಲೇಟ್ ಹಾಕಿಕೊಂಡಿರಬಹುದು. ಆಗ ಅಂದೇ ಠಾಣೆಯಲ್ಲಿ ದೂರು ಕೊಡಿ. ಆ ಗಾಡಿ ಅಪಘಾತ ಮಾಡಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೇ.