ಮಾತ್ರೆ ನುಂಗಿದರೂ ವಸಡಿನ ರಕ್ತ ನಿಲ್ಲುತ್ತಿಲ್ಲ, ಯಾಕೆ?

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ, ಮದ್ದೂರಿನ ಹತ್ತಿರ ಶಾಲಾ ಶಿಕ್ಷಕಿ. ಬೆಳಿಗ್ಗೆ ಹಲ್ಲುಜ್ಜಿ ಉಗಿದರೆ ನೊರೆಯೆಲ್ಲ ಕೆಂಪು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಎರಡು ಸಲ ಮೆಟ್ರೊನಿಡಜೋಲ್ ಮಾತ್ರೆ ತಗೊಂಡೆ. ನುಂಗುವಷ್ಟು ದಿನ ಪರವಾಗಿಲ್ಲ, ಆಮೇಲೆ ಮತ್ತೆ ಅದೇ ಕಥೆ. ರಕ್ತ ಬರುತ್ತದೆಂದು ಆ ಕಡೆ ಬ್ರಷ್ ಮಾಡುವುದನ್ನೇ ಬಿಟ್ಟಿದ್ದೇನೆ. ಬಾಯಿಯ ಬ್ಯಾಕ್ಟೀರಿಯಾಗಳು ಸಣ್ಣ ಗುಳ್ಳೆಗಳನ್ನು ಬಿಟ್ಟು ವಸಡನ್ನು ಹಾಳು ಮಾಡುತ್ತವೆ ಎಂದು ಮಗಳು ಓದಿ ಹೇಳಿದಳು. ಹಾಗಾದರೆ ಬ್ಯಾಕ್ಟೀರಿಯಾ ಸತ್ತರೂ ಗುಳ್ಳೆಗಳು ಉಳಿಯುತ್ತವೆಯೇ? ನಾನೇನು ಮಾಡಲಿ?

ಉತ್ತರ: ಮೊದಲು ಬ್ರಷ್ ವಿಷಯ. ಆ ಕಡೆಯನ್ನು ಬಿಟ್ಟು ಉಜ್ಜುವುದನ್ನು ಇವತ್ತು ರಾತ್ರಿಯಿಂದಲೇ ನಿಲ್ಲಿಸಿ. ಮೆತ್ತನೆಯ ಬ್ರಷ್ಷನ್ನು ಹಲ್ಲೂ ವಸಡೂ ಸೇರುವ ಗೆರೆಯ ಮೇಲೆ ಓರೆಯಾಗಿಟ್ಟು ಹಗುರವಾಗಿ ಉಜ್ಜಿ. ರಕ್ತ ಬಂದರೆ ಬರಲಿ. ಯಾಕೆ ಇಷ್ಟು ಖಂಡಿತವಾಗಿ ಹೇಳುತ್ತೇನೆ ಎನ್ನುವುದಕ್ಕೆ ನಿಮ್ಮ ಮಗಳು ಓದಿದ ಗುಳ್ಳೆಗಳಲ್ಲೇ ಉತ್ತರವಿದೆ.

ವಸಡಿನ ರೋಗ ಬಲಿಯಲು ಕಾರಣವಾಗುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಪಾರ್ಫಿರೊಮೊನಾಸ್ ಜಿಂಜಿವಾಲಿಸ್. ಗಾಳಿಯಾಡದ ಸಂದು ಅದಕ್ಕೆ ಇಷ್ಟ. ಬದುಕಲು ರಕ್ತದಲ್ಲಿರುವ ಹೀಮ್, ಅಂದರೆ ಕಬ್ಬಿಣವಿರುವ ಅಂಶ, ಬೇಕೇ ಬೇಕು. ಲ್ಯಾಬಿನಲ್ಲಿ ರಕ್ತ ಬೆರೆಸಿದ ಅಗಾರ್ ಎಂಬ ಜೆಲ್ಲಿಯ ತಟ್ಟೆಯಲ್ಲಿ ಬೆಳೆಸಿದರೆ ಕೆಲವೇ ದಿನಗಳಲ್ಲಿ ಅದರ ಗುಂಪುಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ರಕ್ತದಿಂದ ಕಿತ್ತ ಹೀಮನ್ನು ಅದು ಮೈಮೇಲೆ ಕೂಡಿಹಾಕಿಕೊಳ್ಳುವುದರಿಂದ ಬರುವ ಬಣ್ಣ ಅದು.

ಈ ಬ್ಯಾಕ್ಟೀರಿಯಾದ ಹೊರಪೊರೆ ಅಲ್ಲಲ್ಲಿ ಉಬ್ಬಿ, ದುಂಡಗಾಗಿ, ಕಳಚಿಕೊಳ್ಳುತ್ತದೆ. ನಿಮ್ಮ ಮಗಳು ಹೇಳಿದ ಗುಳ್ಳೆ ಇದೇ, ಮೆಂಬ್ರೇನ್ ವೆಸಿಕಲ್. ಅಡ್ಡಳತೆ ಹೆಚ್ಚೆಂದರೆ ಕೆಲವು ನೂರು ನ್ಯಾನೊಮೀಟರ್. ಒಂದು ಮಿಲಿಮೀಟರಿಗೆ ಹತ್ತು ಲಕ್ಷ ನ್ಯಾನೊಮೀಟರ್ ಎಂದರೆ ಅಳತೆ ಅಂದಾಜಾಗಬಹುದು. ಅದಕ್ಕೆ ಜೀವವಿಲ್ಲ, ಮರಿ ಹಾಕುವುದಿಲ್ಲ. ಆದರೆ ಒಳಗೂ ಮೈಮೇಲೂ ತುಂಬಿಕೊಂಡಿರುವ ಸರಕು ಭಾರಿ. ಮುಖ್ಯವಾದವು ಜಿಂಜಿಪೇನ್ ಎಂಬ ಕಿಣ್ವಗಳು, ಪ್ರೋಟೀನನ್ನು ಕತ್ತರಿಸುವಂಥವು. ಬ್ಯಾಕ್ಟೀರಿಯಾ ಈ ಕಿಣ್ವಗಳನ್ನು ಆರಿಸಿ ಗುಳ್ಳೆಗೆ ತುಂಬುತ್ತದೆ. ಜೊತೆಗೆ ಉರಿಯೂತ ಎಬ್ಬಿಸುವ ಲಿಪೊಪಾಲಿಸ್ಯಾಕರೈಡ್ ಇರುತ್ತದೆ, ಜೀವಕೋಶಗಳಿಗೆ ಅಂಟಿಕೊಳ್ಳುವ ಪ್ರೋಟೀನುಗಳೂ ಇರುತ್ತವೆ.

ಬ್ಯಾಕ್ಟೀರಿಯಾ ನುಸುಳಲಾಗದ ಕಡೆ ಈ ಗುಳ್ಳೆಗಳು ನುಸುಳುತ್ತವೆ. ವಸಡಿನ ಜೀವಕೋಶಗಳು ಇವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಒಳಹೊಕ್ಕ ಕಿಣ್ವಗಳು, ಆ ಕೋಶ ತನಗೆ ಬೇಕಾದ ಕಬ್ಬಿಣವನ್ನು ಪಡೆಯಲು ಬಳಸುವ ಟ್ರಾನ್ಸ್‌ಫೆರಿನ್ ಗ್ರಾಹಕವನ್ನೇ ಕತ್ತರಿಸುತ್ತವೆ. ಕೋಶ ಸರಿದಾಡಿ ಗಾಯ ಮುಚ್ಚಲು ನೆರವಾಗುವ ಪ್ರೋಟೀನೂ ಹಾಳಾಗುತ್ತದೆ. ನಿಮ್ಮ ವಸಡು ಮಾಯುತ್ತಿಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣವಿರಬಹುದು. ಹೊರಗಡೆ ಇನ್ನೊಂದು ಅನಾಹುತ: ರೋಗಾಣುಗಳನ್ನು ಗುರುತಿಸಿ ಹಿಡಿಯಲು ನಮ್ಮ ರಕ್ತ ಕಳಿಸುವ ಪ್ರತಿಕಾಯಗಳನ್ನೂ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನೂ ಜಿಂಜಿಪೇನ್ ತುಂಡರಿಸುತ್ತದೆ. ಕಾವಲು ಹೀಗೆ ಸಡಿಲವಾದಾಗ ಪಕ್ಕದ ಬ್ಯಾಕ್ಟೀರಿಯಾಗಳಿಗೂ ಅನುಕೂಲ. ಜಿಂಜಿವಾಲಿಸ್ ಎಣಿಕೆಯಲ್ಲಿ ಕಡಿಮೆಯಿದ್ದೂ ಇಡೀ ಬಾಯಿಯ ಸಮತೋಲ ಕೆಡಿಸಬಲ್ಲದು ಎಂದು ತಜ್ಞರು ಹೇಳುತ್ತಾರೆ, ಅದರಲ್ಲಿ ಈ ಗುಳ್ಳೆಗಳ ಪಾತ್ರವೂ ಇದೆ ಎನ್ನುತ್ತಾರೆ. ಇವು ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳನ್ನು ಒಂದಕ್ಕೊಂದು ಅಂಟಿಸುವ ಕೆಲಸವನ್ನೂ ಮಾಡುತ್ತವೆ. ಇದೆಲ್ಲ ಹೆಚ್ಚಾಗಿ ಲ್ಯಾಬಿನ ಜೀವಕೋಶಗಳಲ್ಲಿ, ಪ್ರಾಣಿಗಳಲ್ಲಿ ಕಂಡದ್ದು ಎನ್ನುವುದು ನೆನಪಿರಲಿ.

ವಸಡು ಊದಿದರೆ ರಕ್ತ ಒಸರುತ್ತದೆ. ರಕ್ತ ಒಸರಿದರೆ ಜಿಂಜಿವಾಲಿಸ್‌ಗೆ ಹೀಮ್ ಸಿಗುತ್ತದೆ. ನೀವು ಬ್ರಷ್ ಮಾಡದೆ ಬಿಟ್ಟ ಆ ಒಂದು ಬದಿಯಲ್ಲಿ ಅದಕ್ಕೆ ಜಾಗವೂ ಇದೆ, ಊಟವೂ ಇದೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ಆರೋಗ್ಯವಂತರಿಂದ ಹಲ್ಲುಜ್ಜುವುದನ್ನು ಬಿಡಿಸಿ ನೋಡಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದ ಸುಮಾರು ಒಂದು ವಾರದಲ್ಲಿ ಇಳಿಯಿತು.

ಈಗ ಮಾತ್ರೆಯ ಮಾತು. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಮೆಟ್ರೊನಿಡಜೋಲ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ಜೀವವೇ ಇಲ್ಲದ ಗುಳ್ಳೆಯನ್ನು ಏನೂ ಮಾಡಲಾರದು. ಹಾಗೆಂದು ಉಳಿದ ಗುಳ್ಳೆಗಳಿಗೆ ಹೆದರಬೇಕಿಲ್ಲ. ವಸಡಿನ ಸಂದಿನಿಂದ ಸದಾ ಒಸರುವ ದ್ರವ ಅವನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ತೊಂದರೆಯಿರುವುದು ಹೊಸದಾಗಿ ಬರುತ್ತಲೇ ಇರುವ ಗುಳ್ಳೆಗಳಿಂದ. ಅವುಗಳ ಮೂಲ ಹಲ್ಲಿನ ಮೇಲಿನ ಪಾಚಿ. ಅದು ಚಾಕುವಿಗೆ ಹತ್ತಿದ ಹಲಸಿನ ಮೇಣದ ಹಾಗೆ. ನೀರು ಸುರಿದರೆ ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಆ ಪಾಚಿಯೊಳಗಿನ ಬ್ಯಾಕ್ಟೀರಿಯಾಗೆ ಮಾತ್ರೆಯ ಮದ್ದು ಸರಿಯಾಗಿ ತಲುಪುವುದೂ ಇಲ್ಲ. ಮೌತ್‌ವಾಶ್ ಕಥೆಯೂ ಅಷ್ಟೆ. ಜಿಂಜಿವಾಲಿಸ್ ಗುಳ್ಳೆಗಳಿದ್ದರೆ ಬ್ಯಾಕ್ಟೀರಿಯಾ ಕ್ಲೋರ್‌ಹೆಕ್ಸಿಡಿನ್ ಎಂಬ ಮೌತ್‌ವಾಶ್ ಮದ್ದನ್ನೂ ಹೆಚ್ಚು ತಡೆದುಕೊಳ್ಳುತ್ತದೆ ಎಂದು 1995ರಲ್ಲೇ ಲ್ಯಾಬಿನಲ್ಲಿ ತೋರಿಸಲಾಗಿದೆ. ಡಾಕ್ಟರು ಬರೆದುಕೊಟ್ಟಾಗ ಒಂದೆರಡು ವಾರ ಬಳಸಿ. ತಿಂಗಳುಗಟ್ಟಲೆ ಮುಕ್ಕಳಿಸಿದರೆ ಹಲ್ಲಿಗೆ ಕಂದು ಕಲೆ ಬರುತ್ತದೆ. ಕೇಳಿ ತಂದು ನುಂಗುವ ಆ್ಯಂಟಿಬಯಾಟಿಕ್ ಅನ್ನು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಅದು ಕೆಲವು ದಿನ ನೋವು ಮರೆಸುತ್ತದೆ, ಅಷ್ಟರಲ್ಲಿ ಒಳಗೆ ಹಲ್ಲು ಹಿಡಿದ ಮೂಳೆ ಕರಗುತ್ತಿರುತ್ತದೆ. ಕರಗಿದ ಮೂಳೆ ತಾನಾಗಿ ಮರಳಿ ಬರುವುದಿಲ್ಲ.

ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ದಂತವೈದ್ಯರಿಗೆ ತೋರಿಸಿ. ಮಿಲಿಮೀಟರ್ ಗೆರೆಗಳಿರುವ ತೆಳುವಾದ ಕಡ್ಡಿಯನ್ನು ವಸಡಿನ ಅಂಚಿನೊಳಗೆ ಮೆಲ್ಲಗೆ ಇಳಿಸಿ ನೋಡುತ್ತಾರೆ. ಮೂರು ಗೆರೆಯವರೆಗೆ ಇಳಿದರೆ ಸಹಜ. ನಾಲ್ಕು, ಐದು, ಆರು ಎಂದು ಬರೆಸಿದರೆ ಅಲ್ಲಿ ಪಾಕೆಟ್, ಅಂದರೆ ಹಲ್ಲಿಗೂ ವಸಡಿಗೂ ನಡುವೆ ಆಳವಾದ ಸಂದು, ಆಗಿದೆ ಎಂದರ್ಥ. ಎಷ್ಟೆಂದು ನೀವೂ ಕೇಳಿ ತಿಳಿದುಕೊಳ್ಳಿ. ವಸಡಿನ ಮೇಲೂ ಕೆಳಗೂ ಕಟ್ಟಿಕೊಂಡ ಪಾಚಿ, ಗಟ್ಟಿ ಕರೆ ತೆಗೆಸುವುದೇ ನಿಮಗೆ ಮುಖ್ಯ ಚಿಕಿತ್ಸೆ. ಮಾತ್ರೆ ಬೇಕೋ ಬೇಡವೋ ಎನ್ನುವುದು ಆಮೇಲಿನ ತೀರ್ಮಾನ. ಸಕ್ಕರೆ ಪರೀಕ್ಷೆ ಮಾಡಿಸದೆ ವರ್ಷವಾಗಿದ್ದರೆ ಅದನ್ನೂ ಮಾಡಿಸಿ. ಮಧುಮೇಹವಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟಿದ್ದರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ.

ಪ್ರಶ್ನೆ: ನಮ್ಮ ತಂದೆಗೆ 60 ದಾಟಿದೆ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ಸ್ಕೇಲಿಂಗ್ (ಹಲ್ಲಿನ ಗಟ್ಟಿ ಕರೆ ತೆಗೆಸುವುದು) ಮಾಡಿಸಿದರೆ ಹಲ್ಲು ಅಲುಗಾಡುತ್ತದೆ ಎಂದು ಒಪ್ಪುತ್ತಿಲ್ಲ. ನಿಜವೇ? (ಶ್ರೀರಂಗಪಟ್ಟಣ)

ಉತ್ತರ: ಇಲ್ಲ. ಮೂಳೆ ಕರಗಿ ಸಡಿಲವಾದ ಹಲ್ಲುಗಳನ್ನು ಎಷ್ಟೋ ಸಲ ಆ ಗಟ್ಟಿ ಕರೆಯೇ ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ಗೊತ್ತಾಗುತ್ತದೆ, ಊತ ಇಳಿದಾಗ ಹಲ್ಲುಗಳ ನಡುವೆ ಸಂದೂ ಕಾಣುತ್ತದೆ. ಕೆಲವು ದಿನ ತಣ್ಣೀರು ಜುಮ್ಮೆನ್ನಬಹುದು, ಕಡಿಮೆಯಾಗುತ್ತದೆ. ಅಪ್ಪನವರಿಗೆ ವೀಳ್ಯದೆಲೆ ಬಿಡಿಸುವುದು ಕಷ್ಟವಾದರೆ ಹೊಗೆಸೊಪ್ಪು, ಅಡಿಕೆ ಎರಡನ್ನಾದರೂ ಬಿಡಿಸಿ. ಸ್ಕೇಲಿಂಗ್‌ಗೆ ಕರೆದೊಯ್ದ ದಿನವೇ ಕೆನ್ನೆಯ ಒಳಭಾಗ, ನಾಲಿಗೆಯ ಅಂಚುಗಳನ್ನೂ ಪರೀಕ್ಷೆ ಮಾಡಿಸಿ. ಅಲ್ಲಿ ಬಿಳಿ ಅಥವಾ ಕೆಂಪು ಮಚ್ಚೆಯಿದ್ದರೆ ವಸಡಿಗಿಂತ ಮೊದಲು ಅದನ್ನು ನೋಡಬೇಕಾಗುತ್ತದೆ.