ಕಲ್ಲಿದ್ದಲು ಗಣಿ ವಿಸ್ತರಣೆ: ವರದಿಯಲ್ಲಿ ಮೊದಲು ನಿಮ್ಮ ಮನೆ ಹುಡುಕಿ

ಪ್ರಶ್ನೆ: ನಾವು ಮೈಸೂರಿನವರು. ಈಗ ಆಸ್ಟ್ರೇಲಿಯಾದ ಹಂಟರ್ ಕಣಿವೆಯಲ್ಲಿ, ಸಿಂಗಲ್ಟನ್ ಹತ್ತಿರದ ಹಳ್ಳಿಯಲ್ಲಿದ್ದೇವೆ. ಪಕ್ಕದ ಓಪನ್ ಕಟ್ (ನೆಲವನ್ನು ಮೇಲಿನಿಂದಲೇ ತೆರೆದು ಅಗೆಯುವ) ಕಲ್ಲಿದ್ದಲು ಗಣಿಯನ್ನು ವಿಸ್ತರಿಸುತ್ತಾರಂತೆ. ಪರಿಸರ ಪರಿಣಾಮ ವರದಿ ಸಾವಿರಾರು ಪುಟ ಇದೆ. ‘ಧೂಳು, ಸದ್ದು ಎಲ್ಲ ಮಿತಿಯೊಳಗಿದೆ’ ಅಂತ ಸಾರಾಂಶದಲ್ಲಿ ಬರೆದಿದ್ದಾರೆ. ಕುಡಿಯಲು ನಮಗೆ ಚಾವಣಿಯ ಮಳೆನೀರೇ ಗತಿ. ಇಲ್ಲಿನ ಪೌರತ್ವ ಇಲ್ಲದ ನಾವು ಆಕ್ಷೇಪಣೆ ಬರೆಯಬಹುದಾ? ಏನು ಬರೆಯಬೇಕು?

ಉತ್ತರ: ಧಾರಾಳವಾಗಿ ಬರೆಯಬಹುದು. ನೀವಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇಂಥ ಯೋಜನೆಗೆ ಯಾರು ಬೇಕಾದರೂ ಅಭಿಪ್ರಾಯ ಸಲ್ಲಿಸಬಹುದು, ಪೌರತ್ವ ಕೇಳುವುದಿಲ್ಲ. ಹೆಸರು ಪ್ರಕಟಿಸಬೇಡಿ ಎಂದೂ ಕೋರಬಹುದು. ವರದಿಯನ್ನು ಸಾಮಾನ್ಯವಾಗಿ ಕನಿಷ್ಠ 28 ದಿನ ಜನರ ಮುಂದಿಡುತ್ತಾರೆ. ಕೊನೆಯ ದಿನಾಂಕವನ್ನು ಇವತ್ತೇ ನೋಡಿಕೊಳ್ಳಿ.

ಸಾರಾಂಶವನ್ನು ಪಕ್ಕಕ್ಕಿಡಿ. ಅದನ್ನು ಬರೆಸಿದ್ದು ಗಣಿ ಕಂಪನಿ. ಸೀದಾ ಗಾಳಿಯ ಗುಣಮಟ್ಟದ ಅನುಬಂಧ ತೆಗೆಯಿರಿ. ಅದರಲ್ಲಿ ಸುತ್ತಲಿನ ಮನೆಗಳ ನಕ್ಷೆ ಇರುತ್ತದೆ. ಪ್ರತಿ ಮನೆಗೂ ಒಂದು ಚುಕ್ಕೆ, ಪಕ್ಕದಲ್ಲಿ ಒಂದು ನಂಬರ್. ನಿಮ್ಮ ನಂಬರ್ ಸಿಕ್ಕ ಮೇಲೆ ಕೋಷ್ಟಕದಲ್ಲಿ ಅದೇ ಸಾಲಿಗೆ ಹೋಗಿ. ಗಣಿಯ ಬೇರೆ ಬೇರೆ ವರ್ಷಗಳಲ್ಲಿ ನಿಮ್ಮ ಅಂಗಳದಲ್ಲಿ ಎಷ್ಟು ಧೂಳು ಇರಬಹುದು ಅಂತ ಅಲ್ಲಿ ಅಂಕಿ ಕೊಟ್ಟಿರುತ್ತಾರೆ. ನಿಮ್ಮ ಮನೆಯೇ ನಕ್ಷೆಯಲ್ಲಿ ಇಲ್ಲದಿದ್ದರೆ ನಿಮ್ಮ ಮೊದಲ ಆಕ್ಷೇಪಣೆ ಅದೇ.

ಪಿಎಂ10 ಧೂಳಿಗೆ, ಅಂದರೆ ಉಸಿರಿನೊಂದಿಗೆ ಒಳಹೋಗುವಷ್ಟು ಸಣ್ಣ ಕಣಗಳಿಗೆ, ಅಲ್ಲಿ ಎರಡು ಮಿತಿ ಇವೆ: ಘನ ಮೀಟರ್ ಗಾಳಿಗೆ ವರ್ಷದ ಸರಾಸರಿ 25 ಮೈಕ್ರೋಗ್ರಾಂ, ಒಂದು ದಿನದ ಸರಾಸರಿ 50. ಸರಾಸರಿ ಅನ್ನುವುದು ಕೆಟ್ಟ ದಿನಗಳನ್ನು ಮುಚ್ಚಿಡುತ್ತದೆ. ವರ್ಷಕ್ಕೆ 22 ಬಂದರೂ ಕೆಲವು ದಿನ 50 ದಾಟಿರಬಹುದು, ಹಾಗಾಗಿ ದಿನದ ಅಂಕಿಯನ್ನೇ ಕೇಳಿ. ವರದಿಯ ಈ ಲೆಕ್ಕವೆಲ್ಲ ಒಂದು ಕಂಪ್ಯೂಟರ್ ಮಾದರಿಯಿಂದ ಬಂದದ್ದು. ಅದಕ್ಕೆ ಸಾಮಾನ್ಯವಾಗಿ ಯಾವುದೋ ಒಂದು ವರ್ಷದ ಹವೆಯನ್ನು ಆರಿಸಿಕೊಂಡಿರುತ್ತಾರೆ. ಯಾವ ವರ್ಷ ಅದು? ಮಳೆ ಚೆನ್ನಾಗಿ ಆದ ವರ್ಷವಾದರೆ ಧೂಳು ಕಡಿಮೆಯೇ ಕಾಣುತ್ತದೆ. ನಿಮ್ಮ ಕಣಿವೆಯಲ್ಲಿ ಚಳಿಗಾಲಕ್ಕೆ ವಾಯವ್ಯದಿಂದ, ಬೇಸಿಗೆಗೆ ಆಗ್ನೇಯದಿಂದ ಗಾಳಿ ಬೀಸುವುದು ಜಾಸ್ತಿ. ಗಣಿ ನಿಮ್ಮ ಮನೆಯ ಯಾವ ದಿಕ್ಕಿಗಿದೆ ಎಂಬುದರ ಮೇಲೆ ನಿಮ್ಮ ಕೆಟ್ಟ ತಿಂಗಳು ಯಾವುದು ಅಂತ ಗೊತ್ತಾಗುತ್ತದೆ. ಹಂಟರ್ ಕಣಿವೆಯ ಮೇಲ್ಭಾಗದಲ್ಲಿ ಸರ್ಕಾರವೇ ಧೂಳು ಅಳೆಯುವ ಕೇಂದ್ರಗಳನ್ನು ನಡೆಸುತ್ತದೆ, ಅಂಕಿಗಳು ಎಲ್ಲರಿಗೂ ಸಿಗುತ್ತವೆ. ಕಂಪನಿಯ ಲೆಕ್ಕದ ಪಕ್ಕದಲ್ಲಿ ಅವನ್ನಿಟ್ಟು ನೋಡಿ. ಅಕ್ಕಪಕ್ಕದ ಗಣಿಗಳ ಧೂಳನ್ನೂ ಕೂಡಿಸಿದ್ದಾರಾ ಅಂತ ಖಂಡಿತ ಕೇಳಿ. ಗಾಳಿಗೆ ಇದು ಯಾವ ಗಣಿಯ ಧೂಳು ಅಂತ ಗೊತ್ತಿಲ್ಲವಲ್ಲ.

ಇನ್ನು ಮಳೆನೀರು. ನೆಲಕ್ಕೆ, ಚಾವಣಿಗೆ ಬೀಳುವ ಧೂಳಿಗೆ ಬೇರೆ ಮಿತಿ ಇದೆ: ತಿಂಗಳಿಗೆ ಚದರ ಮೀಟರಿಗೆ ಒಟ್ಟು 4 ಗ್ರಾಂ, ಅದರಲ್ಲಿ ಹೊಸ ಯೋಜನೆಯ ಪಾಲು 2 ಗ್ರಾಂ ಮೀರಬಾರದು. ಇದು ಮುಖ್ಯವಾಗಿ ಕೊಳೆ, ಕಿರಿಕಿರಿ ನೋಡಿ ಮಾಡಿದ ಮಿತಿ. ಕುಡಿಯುವ ನೀರಿಗೆ ಇದೊಂದೇ ಸಾಲದು. ಮೊದಲ ಮಳೆಯ ನೀರನ್ನು ಹೊರಗೆ ಹರಿಸುವ ಸಾಧನ, ಟ್ಯಾಂಕ್ ಶುಚಿ ಮಾಡಿಸುವುದು, ನೀರಿನ ಪರೀಕ್ಷೆ, ಈ ಮೂರೂ ಕಂಪನಿಯ ಖರ್ಚಿನಲ್ಲಿ ಆಗಬೇಕೆಂಬ ಷರತ್ತು ಹಾಕಿ ಎಂದು ಬರೆಯಿರಿ.

ಸದ್ದಿನ ಕೋಷ್ಟಕದಲ್ಲೂ ಅದೇ ನಂಬರ್ ಹುಡುಕಿ. ಚಳಿಗಾಲದ ರಾತ್ರಿ ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ ನಿಂತಾಗ ಡಂಪರುಗಳ ಸದ್ದು ಬಹಳ ದೂರ ಕೇಳುತ್ತದೆ. ಆ ಸ್ಥಿತಿಯ ಲೆಕ್ಕ ಇರಲೇಬೇಕು. ರಾಜ್ಯದ ನೀತಿಯಂತೆ ನಿಮ್ಮ ಮನೆಗೆ ಹಾಕಿದ ಸದ್ದಿನ ಮಿತಿಗಿಂತ 3ರಿಂದ 5 ಡೆಸಿಬೆಲ್ ಜಾಸ್ತಿಯಾದರೆ ಮನೆಯೊಳಗೆ ಸದ್ದು ತಗ್ಗಿಸುವ ವ್ಯವಸ್ಥೆ ಕೇಳುವ ಹಕ್ಕು ಬರುತ್ತದೆ. 5 ದಾಟಿದರೆ ಮನೆಯನ್ನೇ ಕೊಂಡುಕೊಳ್ಳಿ ಎನ್ನಬಹುದು. ಆದ್ದರಿಂದ ಒಂದು ಡೆಸಿಬೆಲ್ ಆಚೀಚೆಯಾದರೂ ಮನೆಯವರ ಗತಿ ಬದಲಾಗುತ್ತದೆ. ಇದು ಬರೀ ಅಂಕಿಯ ಮಾತಲ್ಲ.

ಮಾದರಿ ಪತ್ರಕ್ಕೆ ಸುಮ್ನೆ ಸಹಿ ಹಾಕಿ ಕಳಿಸಬೇಡಿ. 50 ಅಥವಾ ಅದಕ್ಕಿಂತ ಜಾಸ್ತಿ ಬೇರೆ ಬೇರೆ ಆಕ್ಷೇಪಣೆ ಬಂದರೆ ಒಪ್ಪಿಗೆ ಕೊಡುವ ತೀರ್ಮಾನ ರಾಜ್ಯದ ಸ್ವತಂತ್ರ ಯೋಜನಾ ಆಯೋಗಕ್ಕೆ ಹೋಗುತ್ತದೆ. ಒಂದೇ ಒಕ್ಕಣೆಯ ನೂರು ಪತ್ರ ಬಂದರೂ ಒಂದೇ ಅಂತ ಎಣಿಸುತ್ತಾರೆ. ಆಯೋಗ ಸಾರ್ವಜನಿಕ ವಿಚಾರಣೆ ನಡೆಸಿದರೆ, ಯೋಜನೆ ಬೇಕೋ ಬೇಡವೋ ಎಂದು ಮತ್ತೆ ಕೋರ್ಟಿನಲ್ಲಿ ವಾದಿಸುವ ಅವಕಾಶ ಹೋಗುತ್ತದೆ. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಈಗಲೇ ಹೇಳಿಬಿಡಿ.

ಬರೆದರೆ ಗೆಲ್ಲುತ್ತೇವಾ? ನಿಮ್ಮ ಸಿಂಗಲ್ಟನ್ ಬಳಿಯ ಬುಲ್ಗಾ ಹಳ್ಳಿಯವರು ವಾರ್ಕ್‌ವರ್ತ್ ಗಣಿ ವಿಸ್ತರಣೆಯ ವಿರುದ್ಧ 2013ರಲ್ಲಿ ಗೆದ್ದರು. ಸದ್ದು, ಅಪರೂಪದ ಕಾಡಿನ ನಷ್ಟ, ಊರಿನ ಬದುಕಿಗೆ ಬೀಳುವ ಪೆಟ್ಟು, ಇವನ್ನೆಲ್ಲ ತೂಗಿ ಕೋರ್ಟ್ ಒಪ್ಪಿಗೆ ನಿರಾಕರಿಸಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆದರೆ ಕಂಪನಿ ಹೊಸ ಅರ್ಜಿ ಹಾಕಿತು, 2015ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಆ ಊರಿನವರಿಗೆ ಅನ್ಯಾಯವಾಯಿತು ಎಂದೇ ನನ್ನ ಅಭಿಪ್ರಾಯ. ಆದರೂ ಆ ತೀರ್ಪು ಉಳಿದಿದೆ. ಗಣಿ ಬೇಡ ಎನ್ನಲು ಊರಿನ ಬದುಕೂ ಒಂದು ಕಾರಣ ಅಂತ ಅದನ್ನು ತೋರಿಸಿ ವಾದಿಸಬಹುದು.

ಪ್ರಶ್ನೆ: ಈ ಕಲ್ಲಿದ್ದಲು ಹಡಗಿನಲ್ಲಿ ಬೇರೆ ದೇಶಕ್ಕೆ ಹೋಗುತ್ತದೆ. ಅಲ್ಲಿ ಸುಟ್ಟ ಹೊಗೆಯನ್ನು ಇಲ್ಲಿನ ವರದಿಯಲ್ಲಿ ಯಾಕೆ ಲೆಕ್ಕ ಹಾಕಬೇಕು? ನಾವು ಕೊಡದಿದ್ದರೆ ಇನ್ನೊಬ್ಬರು ಕೊಡುತ್ತಾರೆ, ಅಲ್ವಾ?

ಉತ್ತರ: ಗಣಿ ಕಂಪನಿಗಳ ವಾದವೂ ಇದೇ. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಚಿಮಣಿ ನೋಡಿದವರಿಗೆ ಗೊತ್ತು, ಅಗೆಯುವುದು ಒಂದು ರಾಜ್ಯದಲ್ಲಿ, ಸುಡುವುದು ಇನ್ನೊಂದರಲ್ಲಿ. ಶಾಖೋತ್ಪನ್ನ ಕಲ್ಲಿದ್ದಲಿನ ಇಂಗಾಲದ ಲೆಕ್ಕದಲ್ಲಿ ದೊಡ್ಡ ಪಾಲು ಅಗೆಯುವಾಗ ಬರುವುದಿಲ್ಲ, ಸುಡುವಾಗ ಬರುತ್ತದೆ. ಅದನ್ನು ಬಿಟ್ಟು ಮಾಡಿದ ವರದಿ ಅರ್ಧ ವರದಿಯೂ ಅಲ್ಲ.

ನ್ಯೂ ಸೌತ್ ವೇಲ್ಸ್‌ನ ರಾಕಿ ಹಿಲ್ ಎಂಬ ಹೊಸ ಗಣಿಯನ್ನು 2019ರ ಫೆಬ್ರುವರಿಯಲ್ಲಿ ತಿರಸ್ಕರಿಸಿದಾಗ, ‘ಇನ್ನೊಬ್ಬರು ಕೊಡುತ್ತಾರೆ’ ಎಂಬ ವಾದವನ್ನು ನ್ಯಾಯಾಧೀಶರು ಒಪ್ಪಲಿಲ್ಲ. ನಿಮ್ಮ ಕಣಿವೆಯ ಮಸಲ್‌ಬ್ರೂಕ್ ಊರಿನ ಬಳಿಯ ಮೌಂಟ್ ಪ್ಲೆಸೆಂಟ್ ಗಣಿಯನ್ನು 2048ರವರೆಗೆ ನಡೆಸಲು 2022ರಲ್ಲಿ ಆಯೋಗ ಒಪ್ಪಿತ್ತು. ಸ್ಥಳೀಯರ ಒಂದು ಗುಂಪು ಕೋರ್ಟಿಗೆ ಹೋಯಿತು, ಕೆಳಗಿನ ಕೋರ್ಟಿನಲ್ಲಿ ಸೋತಿತು. 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಮಾತು ಒಪ್ಪಿತು. ಹೊರದೇಶದಲ್ಲಿ ಸುಟ್ಟಿದ್ದೂ ಸೇರಿ, ಈ ಗಣಿಯ ಇಂಗಾಲದಿಂದಾಗುವ ಹವಾಮಾನ ಬದಲಾವಣೆ ಆ ಊರಿಗೇ ಏನು ಮಾಡುತ್ತದೆ ಎಂದು ಆಯೋಗ ಪರಿಗಣಿಸಬೇಕಿತ್ತು, ಪರಿಗಣಿಸಲಿಲ್ಲ ಎಂದಿತು.

ಹಾಗಾಗಿ ಆಕ್ಷೇಪಣೆಯಲ್ಲಿ ‘ಭೂಮಿ ಬಿಸಿಯಾಗುತ್ತಿದೆ’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ನಿಮ್ಮ ಕಣಿವೆಯ ಬಿಸಿಗಾಳಿ, ಕಾಳ್ಗಿಚ್ಚು, ಬರ, ಹಂಟರ್ ನದಿಯ ನೆರೆ ಬಗ್ಗೆ ವರದಿಯ ಯಾವ ಪುಟದಲ್ಲಿ ಏನಿದೆ ಎಂದು ಹುಡುಕಿ. ಇಲ್ಲದಿದ್ದರೆ ಅಧ್ಯಾಯದ ಹೆಸರು ಹೇಳಿ, ಇಂತಿಂಥದ್ದು ಇಲ್ಲಿ ಬಿಟ್ಟುಹೋಗಿದೆ ಎಂದು ಬರೆಯಿರಿ.