ಆರ್ಕ್ಟಿಕ್‌ನ ಒಂಟಿ ಊರಲ್ಲಿ ಗಂಡ-ಹೆಂಡತಿ ವರ್ಷವಿಡೀ ದಿನಸಿ ಹೇಗೆ ಹೊಂದಿಸುತ್ತಾರೆ?

ಬೇಸಿಗೆಯಲ್ಲಿ ಒಂದೆರಡು ಸಲ ಬರುವ ಸರಕು ಹಡಗನ್ನು ನಂಬಿ, ಉಳಿದದ್ದಕ್ಕೆ ಬೇಟೆಯನ್ನು ನಂಬಿ. ಪೂರ್ವ ಗ್ರೀನ್‌ಲ್ಯಾಂಡ್‌ನ ಇಟ್ಟೊಕ್ಕೊರ್ಟೂರ್ಮಿಟ್ ಅನ್ನೇ ನೋಡಿ, ಅಲ್ಲಿರುವುದು ಸುಮಾರು 350 ಜನ. ಹಿಟ್ಟು, ಸಕ್ಕರೆ, ಡೀಸೆಲ್ ಎಲ್ಲ ಆ ಹಡಗಿನಲ್ಲೇ ಬರಬೇಕು.

ಇದಕ್ಕೆ ಚಳಿ ಒಂದೇ ಕಾರಣ ಅಲ್ಲ. ಉತ್ತರದಿಂದ ಇಳಿದು ಬರುವ ತಣ್ಣನೆಯ ಸಮುದ್ರ ಪ್ರವಾಹವೊಂದು ಧ್ರುವದ ಕಡೆಯ ಮಂಜುಗಡ್ಡೆಯನ್ನು ಈ ಪೂರ್ವ ಕರಾವಳಿಯ ಉದ್ದಕ್ಕೂ ಹೊತ್ತು ತರುತ್ತಲೇ ಇರುತ್ತದೆ, ಹಾಗಾಗಿ ವರ್ಷದಲ್ಲಿ ಸುಮಾರು ಒಂಬತ್ತು ತಿಂಗಳು ಹಡಗಿಗೆ ದಾರಿಯೇ ಇರುವುದಿಲ್ಲ. ಅದೇ ದೇಶದ ರಾಜಧಾನಿ ನೂಕ್ ಇರುವುದು ಪಶ್ಚಿಮದಲ್ಲಿ. ಅಲ್ಲಿಗೆ ದಕ್ಷಿಣದ ಬೆಚ್ಚನೆಯ ನೀರು ತಾಗುತ್ತದೆ, ಬಂದರು ವರ್ಷವಿಡೀ ತೆರೆದಿರುತ್ತದೆ. ಎಷ್ಟು ವ್ಯತ್ಯಾಸ ಅಲ್ವಾ?

ಹಾಗಾಗಿ ಮನೆಯ ಫ್ರೀಜರ್‌ನಲ್ಲಿ ಸೀಲ್ ಮತ್ತು ಕಸ್ತೂರಿ ಎತ್ತಿನ ಮಾಂಸ ಇದ್ದರೇನೇ ಧೈರ್ಯ. ತಾಜಾ ತರಕಾರಿ ವಿಮಾನದಲ್ಲಿ ಬರಬೇಕು, ವಿಮಾನ ನಿಲ್ದಾಣದಿಂದ ಊರಿಗೆ ಮತ್ತೆ ಹೆಲಿಕಾಪ್ಟರ್. ಹವಾಮಾನ ಕೆಟ್ಟರೆ ಅದೂ ಇಲ್ಲ. ಅದಕ್ಕೇ ಇಲ್ಲಿ ಸಂಸಾರ ಅಂದರೆ ಅರ್ಧಕ್ಕರ್ಧ ಮುಂಚಿತವಾಗಿ ಲೆಕ್ಕ ಹಾಕುವ ಕೆಲಸ, ಮುಂದಿನ ಬೇಸಿಗೆಯವರೆಗೆ ಏನೇನು ಬೇಕು ಅಂತ ಇಬ್ಬರೂ ಕೂತು ಯೋಚಿಸಲೇಬೇಕು.